ಮುಟ್ಟದ ತಟ್ಟೆಯನ್ನು ಗುರುತಿಸುವ ವಾರಿಜಕ್ಕ

ಬೆಳಗಿನ ಐದೂವರೆ. ನಿಟ್ಟೆ ಬಳಿಯ ಹುಡುಗಿಯರ ಹಾಸ್ಟೆಲೊಂದರ ಅಡುಗೆಮನೆಯಲ್ಲಿ ಮೂರು ಕಾವಲಿಗಳ ಮೇಲೆ ನೀರುದೋಸೆ ಹೊಯ್ಯುತ್ತಿರುವ ವಾರಿಜಾ ಅವರಿಗೆ ತಲೆ ಎತ್ತಲೂ ಪುರುಸೊತ್ತಿಲ್ಲ. ನೂರಾ ನಲವತ್ತು ಹುಡುಗಿಯರು. ತಲಾ ನಾಲ್ಕೆಂದರೂ ಐನೂರ ಅರವತ್ತು ದೋಸೆ. ತಿಂಡಿ ಮುಗಿಯುವ ಹೊತ್ತಿಗೆ ಅವರು ತಟ್ಟೆ ತೊಳೆಯುವ ಜಾಗದಲ್ಲಿ ನಿಂತಿರುತ್ತಾರೆ. ಯಾರ ತಟ್ಟೆ ಹೇಗೆ ಹಿಂದೆ ಬರುತ್ತದೆ ಎಂದು ನೋಡುತ್ತಾರೆ. ಇದು ಯಾರೂ ಒಪ್ಪಿಸಿದ ಕೆಲಸವಲ್ಲ.

ಕಾಪುವಿನ ಮೀನುಗಾರ ಕುಟುಂಬದ ವಾರಿಜಾ ಅವರಿಗೆ ಈಗ ಐವತ್ತೆರಡು. ಗಂಡ ಬೂಬ ಅವರು ಮೀನುಗಾರಿಕೆ ಬೋಟಿನಲ್ಲಿ ಬಿದ್ದು ಸೊಂಟ ಮುರಿದುಕೊಂಡ ವರ್ಷ ವಾರಿಜಾ ಮೀನು ಮಾರುವ ಬುಟ್ಟಿ ಬಿಟ್ಟು ಇಲ್ಲಿಗೆ ಅಡುಗೆಗೆ ಬಂದರು. ಹನ್ನೊಂದು ವರ್ಷವಾಯಿತು. ಹುಡುಗಿಯರಿಗೆ ಪ್ಯಾಡ್ ಕೊಡುವ ಕಪಾಟಿನ ಬೀಗದ ಕೈಯೂ ಅವರಲ್ಲೇ ಇದೆ.

ಕಳೆದ ವರ್ಷ ಪಿಯುಸಿಯ ಲೀನಾಳ (ಹೆಸರು ಬದಲಿಸಿದೆ) ತಟ್ಟೆ ದಿನವೂ ತುಂಬಿಯೇ ಹಿಂದೆ ಬರತೊಡಗಿತು. ನಾಲ್ಕು ತಿಂಗಳಿಂದ ಅವಳು ಪ್ಯಾಡ್ ಕೇಳಿಯೂ ಇರಲಿಲ್ಲ. ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದು ನಿಲ್ಲುತ್ತಿದ್ದಳು.

"ಒಂದು ದಿನ ಹತ್ತಿರ ಕೂರಿಸಿ ಕೇಳಿದೆ. 'ಎಂತ ಆಯ್ತು ಮಗಾ, ತಿಂಗಳದ್ದು ಸರಿ ಆಗ್ತಾ ಉಂಟಾ?' ಅಂತ. ಅತ್ತಳು. ಯಾರೋ ದಪ್ಪ ಅಂದರಂತೆ, ಹಾಗೆ ಊಟ ಬಿಟ್ಟದ್ದು. ಮುಟ್ಟು ನಿಂತದ್ದು ಒಳ್ಳೆಯದೇ ಆಯ್ತು, ರಗಳೆ ಇಲ್ಲ ಅಂತ ಬೇರೆ. 'ಯಾರಿಗೂ ಹೇಳ್ಬೇಡಿ ಅಕ್ಕಾ' ಅಂದಳು."

ಆದರೂ ವಾರಿಜಾ ಹೇಳಿದರು. ಅದೇ ಸಂಜೆ, ವಾರ್ಡನ್ ರೋಸಲಿನ್ ಅವರಿಗೆ. ಅವರು ಮನೆಯವರನ್ನು ಕರೆಸಿದರು. ಊಟ ತೀರಾ ಕಡಿಮೆಯಾದದ್ದರಿಂದಲೇ ಮುಟ್ಟು ನಿಂತಿದೆ ಎಂದು ಮಣಿಪಾಲದ ವೈದ್ಯರು ತಿಳಿಸಿ ಚಿಕಿತ್ಸೆ ಶುರುಮಾಡಿದರು. ಲೀನಾ ಮೂರು ತಿಂಗಳು ವಾರಿಜಾ ಜೊತೆ ಮಾತಾಡಲಿಲ್ಲ.

"ಬೇಜಾರಾಯ್ತು, ಸುಳ್ಳು ಯಾಕೆ ಹೇಳುದು. ನನ್ನನ್ನು ಕಂಡ್ರೆ ಮುಖ ತಿರುಗಿಸ್ತಿದ್ಳು. ನಾನು ಬಡಿಸ್ತಿದ್ದೆ, ಅಷ್ಟೇ. ತಿನ್ನು ತಿನ್ನು ಅಂತ ಒಂದು ದಿನವೂ ಹೇಳ್ಲಿಲ್ಲ. ಒತ್ತಾಯ ಬೇಡ ಅಂತ ಡಾಕ್ಟ್ರು ಹೇಳಿದ್ರು."

ಫೆಬ್ರವರಿಯ ಒಂದು ಮಧ್ಯಾಹ್ನ ಅವಳೇ ಬಂದು ಪ್ಯಾಡ್ ಕೇಳಿದಳು. ತೆಗೆದುಕೊಂಡ ಮೇಲೂ ಹೋಗದೆ ನಿಂತು, ಗಂಜಿ ಉಂಟಾ ಎಂದಳು. ಇಬ್ಬರೂ ಅಡುಗೆಮನೆಯಲ್ಲೇ ಕುಳಿತು ಉಪ್ಪಿನಕಾಯಿ ಹಾಕಿಕೊಂಡು ಉಂಡರು. ಪೂರ್ತಿ ಗುಣವಾಗಿಲ್ಲ, ಈಗಲೂ ಕೆಲವು ದಿನ ಊಟದ ಮುಂದೆ ಸುಮ್ಮನೆ ಕೂರುತ್ತಾಳೆ.

ನಿಮಗೇನು ಬೇಕು ಎಂದು ಕೇಳಿದರೆ ವಾರಿಜಾ ಅವರದು ಒಂದೇ ಬೇಡಿಕೆ.

"ತಾಯಂದಿರ ಮೀಟಿಂಗಿನಲ್ಲಿ ನನಗೊಂದು ಐದು ನಿಮಿಷ ಕೊಡ್ಬೇಕು. ಅವರು ಮಕ್ಕಳ ಮಾರ್ಕು ಕೇಳ್ತಾರೆ. ತಿಂಗಳದ್ದೂ ಕೇಳಿ ಅಂತ ಹೇಳ್ಲಿಕ್ಕುಂಟು. ಮೈಕ್ ಬೇಡ. ಅವರ ಒಟ್ಟಿಗೆ ಕೂತುಕೊಂಡೇ ಹೇಳ್ತೇನೆ."