ಹೆಂಗಸರ ಗೇಟಿನ ಕರಿಯಕ್ಕ

ಮಗು ಯಾಕೆ ಹೀಗೆ ಕಣ್ಣು ಮುಚ್ಚಿಕೊಳ್ಳುತ್ತದೆ? ಅನ್ನಕ್ಕೆ ಎಸರಿಡುವಾಗ, ಬಟ್ಟೆ ಹಿಂಡುವಾಗ, ಚಳ್ಳಕೆರೆ ಸಂತೆಯಲ್ಲಿ ಬದನೆಕಾಯಿ ಆರಿಸುವಾಗ, ಶೈಲಜಾಳ ತಲೆಯೊಳಗೆ ಇದೊಂದೇ ದುಂಬಿಯ ಹಾಗೆ ಗುಯ್‌ಗುಡುತ್ತಿತ್ತು. ಮಗಳು ಧೃತಿ ಪಟಾಕಿಗೆ ಹೆದರುವ ಹುಡುಗಿಯಲ್ಲ, ನಾಯಿಗೂ ಹೆದರುವುದಿಲ್ಲ. ಆದರೆ ಯಾರಾದರೂ ಗಂಡಸು ತುಸು ದನಿ ಏರಿಸಿದರೆ ಸಾಕು, ಇದ್ದಲ್ಲೇ ಫ್ರಾಕು ಎತ್ತಿ ಮುಖದ ಮೇಲೆ ಹಾಕಿಕೊಂಡು ಕಲ್ಲಾಗಿಬಿಡುತ್ತಾಳೆ. ಯುಕೆಜಿ ಮಿಸ್ಸು ಕರೆಸಿ ಹೇಳಿದ ಮೇಲೆ ಮಕ್ಕಳ ಡಾಕ್ಟರ ಹತ್ತಿರ ತೋರಿಸಿದ್ದಾಗಿತ್ತು.

"ಮನೇಲಿ ಜಗಳ ಗಿಗಳ ಏನಾದ್ರೂ ಇದೆಯೇನಮ್ಮಾ?" ಎಂದು ಡಾಕ್ಟರು ಕೇಳಿದಾಗ ಶೈಲಜಾ ಚೂಡಿದಾರದ ತೋಳನ್ನು ಮಣಿಕಟ್ಟಿನವರೆಗೆ ಎಳೆದುಕೊಂಡಳು. ಉತ್ತರ ಕೊಟ್ಟವನು ಗಂಡ ಮಾರುತೇಶ. "ಅಂಥದ್ದೇನಿಲ್ಲ ಸಾರ್. ಇವ್ಳು ಮಗೀಗೆ ಫೋನ್ ಕೊಟ್ಟು ಕೂರಿಸ್ತಾಳೆ. ಅದ್ರಾಗೆ ಬರೀ ಹೊಡೆದಾಟದ ಸಿನಿಮಾ."

ಮನೆಗೆ ಬಂದವನೇ ಅವಳ ಫೋನನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ. ಅಂದಿನಿಂದ ದಾವಣಗೆರೆಯ ಅಮ್ಮನ ಜೊತೆ ಮಾತು ಅವನ ಫೋನಿನಲ್ಲಿ, ಅವನ ಪಕ್ಕದಲ್ಲೇ ಕೂತು. "ಹೆಂಗಿದೀಯೇ?" ಎಂದು ಅಮ್ಮ ಕೇಳುವುದು, "ಚೆನ್ನಾಗಿದೀನಮ್ಮಾ" ಎಂದು ಇವಳು ಹೇಳುವುದು. ಅಷ್ಟೇ.

ಶೈಲಜಾ ಕಾಲೇಜು ಓದಿದವಳು. ಆದರೂ ತಾನೇ ಫೋನು ಕೊಟ್ಟು ಮಗುವನ್ನು ಕೆಡಿಸಿದೆನೇನೋ ಎಂದು ಅರ್ಧ ನಂಬಿಯೂ ಬಿಟ್ಟಿದ್ದಳು. ಅವನು ಕೈ ಮಾಡುವುದು ಅಡುಗೆಮನೆಯಲ್ಲಿ, ಬಾಗಿಲು ಹಾಕಿಕೊಂಡು. ಹೊರಗೆ ಮಗು ಅಜ್ಜಿಯ ಹತ್ತಿರ ಇರುತ್ತದೆ, ಏನೂ ನೋಡಿಲ್ಲ. ಇದೊಂದು ಸಮಾಧಾನವನ್ನು ಅವಳು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡಂತೆ ಇಟ್ಟುಕೊಂಡಿದ್ದಳು.

ಅಜ್ಜಿ ಎಂದರೆ ಅತ್ತೆ ಕರಿಯಕ್ಕ. ತೊಂಬತ್ತರ ದಶಕದಲ್ಲಿ ಕೊಂಡ್ಲಹಳ್ಳಿಯ ಟೆಂಟ್ ಸಿನಿಮಾದಲ್ಲಿ ಹೆಂಗಸರ ಗೇಟು ಕಾಯುತ್ತಿದ್ದವಳು. ಟಿಕೆಟ್ ಹರಿಯುವುದು, ಹೆಂಗಸರ ಕಡೆ ನುಸುಳುವ ಪಡ್ಡೆಗಳನ್ನು ಪೊರಕೆಯಲ್ಲಿ ಅಟ್ಟುವುದು ಅವಳ ಕೆಲಸ. ಅದರ ಜೊತೆಗೆ ಯಾರೂ ಹೇಳದೆ ತಾನೇ ಹಚ್ಚಿಕೊಂಡ ಇನ್ನೊಂದು ಕೆಲಸವಿತ್ತು. ಮೊದಲ ದಿನದ ಆಟ ನೋಡಿ ರಕ್ತ ಎಲ್ಲೆಲ್ಲಿ ಬರುತ್ತದೆಂದು ನೆನಪಿಟ್ಟುಕೊಳ್ಳುವಳು. ಮಾರನೆಯ ದಿನದಿಂದ ಆ ಜಾಗ ಬರುವ ಮುಂಚೆ ಕತ್ತಲಲ್ಲಿ ಒಂದು ಕೂಗು: "ಸೆರಗು!" ಮರಳ ಮೇಲೆ ಕೂತ ತಾಯಂದಿರೆಲ್ಲ ಮಕ್ಕಳ ಮುಖಕ್ಕೆ ಸೆರಗು ಎಳೆಯುವರು. ಹೊಡೆದಾಟ ಮುಗಿದ ಮೇಲೆ "ತೆಗೀರಿ" ಎನ್ನುವಳು. ಸುತ್ತಲ ಹಳ್ಳಿಯ ಬಸುರಿಯರು ಕೂಡ ಕರಿಯಕ್ಕನ ಕೂಗನ್ನು ನಂಬಿ ಸಿನಿಮಾಕ್ಕೆ ಬರುತ್ತಿದ್ದರಂತೆ.

ಆ ಭಾನುವಾರ ಮಧ್ಯಾಹ್ನ ಟೆಂಟಿನ ಹಳೆಯ ಆಪರೇಟರ್ ಎರ್ರಿಸ್ವಾಮಿ ಮೊಳಕಾಲ್ಮುರಿನಿಂದ ಬಂದಿದ್ದ. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ನಡುವೆ ಬಂತು, ಅವನು ಬಂದಾಗಲೆಲ್ಲ ಏಳುವ ತಕರಾರು ಎದ್ದಿತು. ಟೆಂಟು ನಡೆದ ಆ ಹತ್ತು ವರ್ಷದಲ್ಲಿ ಎಲ್ಲಕ್ಕಿಂತ ಹೊಡಿಬಡಿ ಇದ್ದ ಸಿನಿಮಾ ಯಾವುದು?

"ತೆಲುಗಿಂದೇ ಬಿಡಣ್ಣ," ಎಂದ ಮಾರುತೇಶ. "ಕಲ್ಲಿನ ಕ್ವಾರಿದು. ಒಂದೇ ಫೈಟಿಗೆ ಊರಿಗೆ ಊರೇ ಮಲಗ್ತೈತೆ."

"ಲೇ, ನೀನು ಆವಾಗ ಚಡ್ಡಿ ಒದ್ದೆ ಮಾಡ್ಕಣ ವಯಸ್ಸು, ನಿಂಗೇನ್ಲೇ ಗೊತ್ತು?" ಎಂದ ಎರ್ರಿಸ್ವಾಮಿ. "ತೆಲುಗ್ನೋರು ಬರೀ ಜೀಪು ಸುಡ್ತಾರೆ. ಜೀಪಿಗೆ ನೋವಾಗ್ತೈತಾ? ನಮ್ ಕನ್ನಡದ್ದು, ಆ ಗಾಣದ ಮನೆ ಫೈಟು! ಮಚ್ಚು ಬೀಸಿದ್ರೆ ಪರದೆ ಒರೆಸ್ಬೇಕು ಅನ್ಸೋದು."

"ಹೇಳೋನ್ನ ನೋಡು," ಎಂದಳು ಕರಿಯಕ್ಕ ಎಲೆಗೆ ಸುಣ್ಣ ಹಚ್ಚುತ್ತಾ. "ಎಲ್ಲಾ ಪಿಚ್ಚರ್ನೂ ವಾರಗಟ್ಲೆ ನೋಡ್ದೋನು, ಕೋಳಿ ಕುಯ್ಯಂಗಿದ್ರೆ ಇವತ್ತಿಗೂ ಬಸ್ ಸ್ಟ್ಯಾಂಡಿಗೆ ಓಡೋಗ್ತಾನೆ."

"ಅದು ಬೇರೆ ಅಕ್ಕಾ. ಕೋಳಿದು ನಿಜವಾದ ರಕ್ತ."

ಎಲ್ಲರೂ ನಕ್ಕರು. ಚಹಾ ತಂದಿಟ್ಟ ಶೈಲಜಾಳಿಗೂ ನಗು ಬಂತು. ನಗುವಿನ ಭರದಲ್ಲೇ, "ಹಂಗಾದ್ರೆ ಅಣ್ಣ ಹೇಳಿದ್ದೇ ಸರಿ. ಇವ್ರು ಆವಾಗ ನಿದ್ದೆ ಹೋಗಿರ್ತಿದ್ರಂತಲ್ಲ," ಎಂದುಬಿಟ್ಟಳು.

ಮಾರುತೇಶ ತಿರುಗಿದ. ಕೂಗಲಿಲ್ಲ. ದನಿ ಕೆಳಗಿಳಿಯಿತು.

"ನಿನ್ನ ಯಾರ್ ಕೇಳಿದ್ರು?"

"ಸೆರಗು," ಎಂದಳು ಕರಿಯಕ್ಕ.

ಬಾಯಿತಪ್ಪಿ ಬಂದ ಮಾತಲ್ಲ, ಉಸಿರಿನಷ್ಟು ಸಲೀಸಾಗಿ ಬಂತು. ಮೂಲೆಯಲ್ಲಿ ಬಣ್ಣ ತುಂಬುತ್ತಿದ್ದ ಧೃತಿ ಪೆನ್ಸಿಲ್ ಬಿಸುಟು ಓಡಿಬಂದು ಅಜ್ಜಿಯ ಸೆರಗಿನೊಳಗೆ ತಲೆ ತೂರಿಸಿದಳು. ಕಿವಿಗಳನ್ನೂ ಮುಚ್ಚಿಕೊಂಡಳು. ಮಗು ಅದನ್ನು ಎಷ್ಟು ಪಳಗಿದ ಕೈಯಲ್ಲಿ ಮಾಡಿತೆಂದರೆ, ಇದು ಮೊದಲ ಸಲವಲ್ಲವೆಂದು ಶೈಲಜಾಳಿಗೆ ಅಲ್ಲೇ ತಿಳಿಯಿತು.

ಎರ್ರಿಸ್ವಾಮಿ ತಲೆ ಬಗ್ಗಿಸಿ ಲೋಟದ ತಳ ನೋಡುತ್ತಾ ಕೂತ. ಮಾರುತೇಶನೇ ನಕ್ಕ. "ನೋಡಣ್ಣ, ಅವ್ವಂಗೆ ಇನ್ನೂ ಟೆಂಟಿನ ಗ್ಯಾನ." ಎದ್ದು ಅಂಗಿ ಹಾಕಿಕೊಂಡ. ಕುದಾಪುರದ ವಿಜ್ಞಾನ ಸಂಸ್ಥೆಯ ಕ್ಯಾಂಪಸ್ಸಿಗೆ ಅವನು ಓಡಿಸುವ ವ್ಯಾನಿನ ಟೈರಿಗೆ ಪಂಕ್ಚರ್ ಹಾಕಿಸಬೇಕಿತ್ತು. ಹೊಸ್ತಿಲಲ್ಲಿ ನಿಂತು, ಹೆಂಡತಿಯ ಕಡೆ ನೋಡದೆ, "ಬಂದ್ ಮಾತಾಡ್ತೀನಿ," ಎಂದು ಎರ್ರಿಸ್ವಾಮಿಯನ್ನು ಬೈಕಿಗೆ ಹತ್ತಿಸಿಕೊಂಡು ಹೊರಟ.

ಬೈಕಿನ ಸದ್ದು ದೂರವಾದ ಮೇಲೆ ಕರಿಯಕ್ಕ ಮೆಲ್ಲಗೆ, "ತೆಗಿ," ಎಂದಳು. ಧೃತಿ ಹೊರಬಂದು ಪೆನ್ಸಿಲ್ ಹುಡುಕಲು ಹೋದಳು.

"ಅತ್ತೆ." ಶೈಲಜಾ ಎದುರಿಗೆ ಬಂದು ನಿಂತಳು. "ಇದನ್ನ ಯಾವಾಗಿಂದ ಕಲಿಸಿದೀರಿ?"

"ಅವ್ನು ಅಡುಗೆಮನೆ ಬಾಗ್ಲು ಹಾಕ್ಕಣಾಗ ಮಗು ಓಡಿ ಹೋಗಿ ಸಂದೀಲಿ ಇಣುಕ್ತಿತ್ತು ಕಣೇ. ಇನ್ನೇನ್ ಮಾಡ್ಲಿ? ನಂಗೆ ಗೊತ್ತಿರೋದು ಅದೊಂದೇ."

ಇಣುಕುತ್ತಿತ್ತು. ಶೈಲಜಾ ಅಡುಗೆಮನೆ ಬಾಗಿಲಿನ ಸಂದಿಯ ಕಡೆ ನೋಡಿದಳು. ಫೋನಲ್ಲ, ಸಿನಿಮಾ ಅಲ್ಲ. ಮಗು ನೋಡಿತ್ತು. ನೋಡಬಾರದೆಂದು ಮುಚ್ಚಿದ ಮೇಲೆ ಕೇಳಿಸಿಕೊಂಡಿತ್ತು. ಡಾಕ್ಟರ ಮುಂದೆ ತೋಳು ಎಳೆದುಕೊಂಡ ತನ್ನನ್ನೂ ನೋಡಿತ್ತು.

"ಮಗೂ ಕಣ್ ಮುಚ್ಚೋ ಬದ್ಲು ಅವ್ರಿಗೆ ನಿಲ್ಸು ಅನ್ನಬಾರ್ದಿತ್ತಾ ಅತ್ತೆ? ನಿಮ್ ಮಗ!"

ಕರಿಯಕ್ಕ ಬಾಯಲ್ಲಿದ್ದ ಎಲೆಯನ್ನು ದವಡೆಗೆ ಒತ್ತಿಕೊಂಡಳು.

"ಟೆಂಟ್ನಾಗೆ ನಾನು ಗೇಟ್ನೋಳು. ರೀಲು ನನ್ ಕೈಯಾಗೆ ಇರ್ಲಿಲ್ಲ. ಮನೇಲೂ ಹಂಗೇ ಅನ್ಕಂಡೆ. ಇವ್ನಪ್ಪ ಗಾದ್ರಪ್ಪ ಇದ್ನಲ್ಲ, ಅವ್ನ ಕಾಲ್ದಾಗೂ ಹಂಗೇ ಅನ್ಕಂಡಿದ್ದೆ. ಯಾವ ಪಿಚ್ಚರ್‌ನಾಗೆ ಜಾಸ್ತಿ ಹೊಡೆದಾಟ ಅಂತ ಇವ್ರು ಕಿತ್ತಾಡ್ತಾರೆ. ನಂಗೆ ಯಾವ ಪಿಚ್ಚರ್‌ಗೂ ಭಯ ಆಗ್ಲಿಲ್ಲ ಕಣೇ. ಆಟ ಮುಗಿದ್ರೆ ದೀಪ ಹಾಕೋರು. ಮನೆಗೆ ಹೋಗ್ಬೇಕಲ್ಲ ಅಂತ ಭಯ ಆಗೋದು."

"ಬಂದು ಮಾತಾಡ್ತೀನಿ ಅಂದಿದಾರೆ," ಎಂದಳು ಶೈಲಜಾ. ಆ ಮಾತಿನ ಅರ್ಥ ಇಬ್ಬರಿಗೂ ಗೊತ್ತಿತ್ತು. "ನನ್ ಕೈಲಿ ಆಗಲ್ಲ ಅತ್ತೆ. ಇವತ್ತು ಆಗಲ್ಲ."

ಕರಿಯಕ್ಕ ಎಲೆ ಉಗಿದು ಬಂದಳು. ರವಿಕೆಯೊಳಗಿಂದ ತನ್ನ ಬಟನ್ ಫೋನು ತೆಗೆದಳು. ಅದು ಮೈಯ ಕಾವಿಗೆ ಬೆಚ್ಚಗಿತ್ತು. ಸೊಸೆಯ ಕೈಗೆ ಒತ್ತಿದಳು.

"ಅವ್ನು ಇದನ್ನ ಲೆಕ್ಕಕ್ಕೇ ಇಟ್ಟಿಲ್ಲ. ನಿಮ್ಮವ್ವನ ನಂಬರ್ ಬಾಯಾಗೆ ಐತಲ್ಲ?"

"ಐತೆ. ಆದ್ರೆ ಅವ್ರು ಬಂದ್ಬಿಟ್ರೆ?"

"ಗೇಟ್ ನಾನ್ ನೋಡ್ಕಂತೀನಿ," ಎಂದು ಕರಿಯಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗಿ, ತಲೆಬಾಗಿಲಿಗೆ ಅಡ್ಡವಾಗಿ ಹೊಸ್ತಿಲ ಮೇಲೆ ಕೂತಳು.

ಶೈಲಜಾಳ ಬೆರಳು ಒಂದು ಸಲ ತಪ್ಪಾಯಿತು. ಅಳಿಸಿ ಮತ್ತೆ ಒತ್ತಿದಳು. ಅತ್ತ ಗಂಟೆ ಹೊಡೆಯುತ್ತಿದ್ದಾಗ ಧೃತಿ ಬಂದು ತೊಡೆಗೆ ಒರಗಿ ನಿಂತಳು. ಕಣ್ಣು ಬಿಟ್ಟುಕೊಂಡೇ ನೋಡುತ್ತಿದ್ದಳು.

"ಹಲೋ, ಯಾರು?"

"ನಾನಮ್ಮಾ."

"ಶೈಲಾ? ಇದ್ಯಾರ ನಂಬರೇ? ಹೆಂಗಿದೀಯೇ?"

ಚೆನ್ನಾಗಿದೀನಿ ಎಂಬ ಮಾತು ಅಭ್ಯಾಸದಂತೆ ನಾಲಿಗೆಯ ತುದಿಗೆ ಬಂತು. ಅದನ್ನು ನುಂಗಿಕೊಂಡಳು.

"ಅಮ್ಮಾ, ಈಗ ನನ್ ಪಕ್ಕ ಅವ್ರು ಕೂತಿಲ್ಲ," ಎಂದಳು. "ಹೆಂಗಿದೀಯ ಅಂತ ಇನ್ನೊಂದ್ಸಲ ಕೇಳು."