ಉಡಿದಾರದ ಪೆನ್‌ಡ್ರೈವ್

ಅವರ ಸೊಂಟದ ಉಡಿದಾರದಲ್ಲಿ ಮೂರು ಪೆನ್‌ಡ್ರೈವ್ ನೇತಾಡುತ್ತಿದ್ದವು. ನಮ್ಮ ಕಡೆ ಗಂಡಸರು ಉಡಿದಾರಕ್ಕೆ ಪೆಟ್ಟಿಗೆಯ ಬೀಗದ ಕೈ ಕಟ್ಟಿಕೊಳ್ಳುವುದುಂಟು, ಮುಳ್ಳು ಕೀಳುವ ಚಿಮಟ ಕಟ್ಟಿಕೊಳ್ಳುವುದುಂಟು. ಇವರದು ಈ ಪರಿ. ಅಂಗಿಯ ಅಂಚು ಎತ್ತಿ ಒಂದನ್ನು ಬಿಚ್ಚಿ ಕೈಗೆ ಕೊಟ್ಟರೆ ಅದು ಮೈಶಾಖಕ್ಕೆ ಬೆಚ್ಚಗಿರುತ್ತಿತ್ತು. ಬಲಗೈ ಹೆಬ್ಬೆರಳಿನ ತುದಿ ಚಪ್ಪಟೆಯಾಗಿತ್ತು. ಕೆಮ್ಮಣ್ಣುಗುಂಡಿ ಘಾಟಿಯಲ್ಲಿ ಟೆಲಿಫೋನ್ ಕಂಬ ನಿಲ್ಲಿಸುವಾಗ ಅದರ ಅಡಿಗೆ ಸಿಕ್ಕಿತ್ತಂತೆ.

ಅಜ್ಜಂಪುರದಲ್ಲಿ ಅವರದು ನಮ್ಮ ಪಕ್ಕದ ಮನೆ. ನೌಕರಿಯಲ್ಲಿದ್ದಾಗ ಲೈನ್‌ಮನ್, ರಿಟೈರ್ ಆದ ಮೇಲೂ ನಮಗೆಲ್ಲ ಲೈನ್‌ಮನ್ನೇ. ಕಂಬ ಹತ್ತುವುದು ನಿಂತ ಮೇಲೆ ಹಳೇ ಕಂಪ್ಯೂಟರುಗಳನ್ನು ತಂದು ಹಿತ್ತಲ ಕೋಣೆಯಲ್ಲಿ ಬಿಚ್ಚಿ ಜೋಡಿಸುತ್ತ ಕೂತರು. ನನ್ನ ಮೊಮ್ಮಗಳಿಗೆ ಮೊದಲು ಮೌಸ್ ಹಿಡಿಸಿದ್ದು ಅವರೇ. ನಾನು ನಾಲ್ಕನೇ ಕ್ಲಾಸು ಓದಿದವಳು, ಮೂವತ್ತು ವರ್ಷ ಊದುಬತ್ತಿ ಹೊಸೆದವಳು. ಕಂಪ್ಯೂಟರಿನ ಗಂಧ ನನಗಿಲ್ಲ. ಆದರೂ ಆ ಮನುಷ್ಯನ ಬಗ್ಗೆ ಬರೆಯಬೇಕು. ಈ ವಾರ ನಮ್ಮ ಮನೆಗೆ ಒಂದು ಕಾಗದ ಬಂದಿದೆ. ಆ ಖುಷಿ ತಡೆಯಲಾಗದೆ ಬರೆಯುತ್ತಿದ್ದೇನೆ.

ಮೊಮ್ಮಗಳು ಕಡೂರಿನ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪಾಠ ಹೇಳುತ್ತಿದ್ದಳು. ಅಲ್ಲಿನ ನೆಟ್ಟಿನ ಬೀಗ, ಪಾಸ್‌ವರ್ಡ್ ಎಲ್ಲ ಅವಳದೇ ಜವಾಬ್ದಾರಿ. ಆಯುಧಪೂಜೆಗೆ ರಜ ಹಾಕಿ ಊರಿಗೆ ಬರುವಾಗ ಪಾಸ್‌ವರ್ಡ್ ಬರೆದು, ಲಕೋಟೆಗೆ ಅಂಟು ಹಾಕಿ, ಮ್ಯಾನೇಜರ್ ಕೈಗೆ ಕೊಟ್ಟು ಬಂದಿದ್ದಳು. ವಾಪಸ್ಸು ಹೋಗುವಷ್ಟರಲ್ಲಿ ಪರೀಕ್ಷೆಯ ಪ್ರಶ್ನೆಪತ್ರಿಕೆ ಯಾರ್ಯಾರದೋ ಮೊಬೈಲಿನಲ್ಲಿ ಓಡಾಡುತ್ತಿತ್ತು. ಮ್ಯಾನೇಜರ್ ಮೂವತ್ತು ಜನ ವಿದ್ಯಾರ್ಥಿಗಳ ಮುಂದೆ ಇವಳನ್ನು ನಿಲ್ಲಿಸಿ, ಬೀಗ ಗೊತ್ತಿದ್ದದ್ದು ನಿನಗೊಬ್ಬಳಿಗೇ, ಕಳ್ಳಿ ನೀನೇ ಅಂದ. ಬ್ಯಾಗು ತೆಗೆದು ಮೇಜಿನ ಮೇಲೆ ಸುರಿಸಿದ. ಹೆಣ್ಣುಮಗಳ ಬ್ಯಾಗಿನಲ್ಲಿ ಏನೇನಿರುತ್ತದೆ ಎಂದು ಹೆಂಗಸರಿಗೆ ಹೇಳಬೇಕಾಗಿಲ್ಲ. ಅಂದೇ ಕೆಲಸದಿಂದ ತೆಗೆದ.

ಮಗು ಮನೆಗೆ ಬಂದು ಮಾತು ಬಿಟ್ಟಿತು. ನನಗೆ ಅನ್ನ ಸೇರಲಿಲ್ಲ. ಅತ್ತಿದ್ದು ಕಡಿಮೆ, ಅವನನ್ನು ಏನು ಮಾಡಲಿ ಎಂದು ಯೋಚಿಸಿದ್ದೇ ಹೆಚ್ಚು. ಹತ್ತೊಂಬತ್ತು ದಿನ ಬೈಗುಳ ಜೋಡಿಸಿಟ್ಟುಕೊಂಡೆ. ಕೊನೆಗೆ ಲೈನ್‌ಮನ್ ಮನೆಯ ಜಗಲಿಗೆ ಹೋಗಿ ಕೂತು, ನಿಮಗೆ ಗೊತ್ತಿರುವ ವಿದ್ಯೆಯಲ್ಲಿ ಅವನ ಕಂಪ್ಯೂಟರೆಲ್ಲ ಸುಟ್ಟುಹೋಗುವ ಹಾಗೆ ಮಾಡಿ ಅಂದೆ.

"ಸುಡೋಕೆ ಸೀಮೆಎಣ್ಣೆ ಸಾಕಲ್ಲಕ್ಕಾ, ನಾನ್ಯಾಕೆ" ಅಂದರು ಅವರು.

ಆಮೇಲೆ ಉಡಿದಾರದಿಂದ ಮೂರೂ ಪೆನ್‌ಡ್ರೈವ್ ಬಿಚ್ಚಿ ಜಗಲಿಯ ಮೇಲೆ ಸಾಲಾಗಿ ಇಟ್ಟರು. ಕಂಪ್ಯೂಟರ್ ಹೊತ್ತಿಸಿದಾಗ ಅದರ ಒಳಗಿನದನ್ನು ಮಲಗಲು ಬಿಟ್ಟು, ಪೆನ್‌ಡ್ರೈವಿನಲ್ಲಿರುವುದೇ ಎದ್ದು ಕೆಲಸ ಮಾಡುತ್ತದಂತೆ. ನೆಟ್ಟಿನಲ್ಲಿ ಎಲ್ಲಿ ಕಿಂಡಿ ಬಿಟ್ಟಿದೆ ಎಂದು ಹುಡುಕಿ ತೋರಿಸುತ್ತದಂತೆ. ಬುತ್ತಿ ಕಟ್ಟಿಕೊಂಡು ಬಂದ ನೆಂಟನ ಹಾಗೆ, ನಿಮ್ಮ ಅಡುಗೆಮನೆಗೆ ಕಾಲಿಡುವುದಿಲ್ಲ ಎಂದು ನನಗೆ ತಿಳಿಯುವ ಹಾಗೆ ಹೇಳಿದರು. ಮೂರರಲ್ಲಿ ಒಂದರ ಹೆಸರು ಕಾಳಿ ಅಂದ ತಕ್ಷಣ ನಾನು, ಅದೇ ಇರಲಿ, ಬೇರೆ ಮಾತೇ ಬೇಡ ಅಂದೆ.

ಅವರು ಆತುರಪಡುವವರಲ್ಲ. ಕಂಬವನ್ನು ಅಲ್ಲಾಡಿಸಿ ನೋಡದೆ ಒಂದು ದಿನವೂ ಹತ್ತಿದವರಲ್ಲ. ಕಡೂರಿನ ಕೇಂದ್ರದಲ್ಲಿರುವಂಥದೇ ಒಂದು ಮುದಿ ಕಂಪ್ಯೂಟರ್ ಹಿತ್ತಲ ಕೋಣೆಯಲ್ಲಿತ್ತು. ಮೂರನ್ನೂ ಅದಕ್ಕೆ ಚುಚ್ಚಿ ನೋಡಿದರು. ಕಾಳಿಯಲ್ಲಿ ಆಯುಧ ನೂರಾರಿವೆ, ಆದರೆ ಆ ಮುದಿ ಯಂತ್ರದಲ್ಲಿ ಅದು ಎದ್ದು ಕೂರುವಷ್ಟರಲ್ಲಿ ನಾನು ಅನ್ನ ಮಾಡಿ ಗಂಜಿ ಬಸಿದು ಬಂದಿದ್ದೆ. ಎರಡನೆಯದು ಬಂದವರ ಹೆಜ್ಜೆಗುರುತು ಉಳಿಸದ ಹಾಗೆ ಅಡಗಿ ಓಡಾಡುವುದಕ್ಕೆ ಮಾಡಿದ್ದು. ಅದನ್ನು ಪಕ್ಕಕ್ಕೆ ತಳ್ಳಿದರು. ನಾವು ಯಾಕೆ ಅಡಗಬೇಕು ಎಂಬುದು ಅವರ ಪ್ರಶ್ನೆ. ಮೂರನೆಯದರ ಹೆಸರೂ ನನಗೆ ನೆನಪಿಲ್ಲ, ಹಸಿರು ದಾರ ಕಟ್ಟಿದ್ದರು. ಸಣ್ಣದು, ಹಳೇ ಯಂತ್ರದಲ್ಲೂ ಥಟ್ಟನೆ ಎದ್ದಿತು. ಕಂಡದ್ದನ್ನೆಲ್ಲ ತನ್ನಲ್ಲೇ ಬರೆದಿಟ್ಟುಕೊಳ್ಳುತ್ತಿತ್ತು. ಅದನ್ನೇ ಆರಿಸಿದರು. ನನಗೆ ಸಪ್ಪೆ ಅನ್ನಿಸಿತು. ಇಷ್ಟುದ್ದದ ದ್ವೇಷಕ್ಕೆ ಇಷ್ಟು ಸಣ್ಣದೇ ಎಂದೆ.

ಅದಕ್ಕಿಂತ ಸಪ್ಪೆ ಅನ್ನಿಸಿದ್ದು ಮುಂದಿನ ಮಾತು. ಮ್ಯಾನೇಜರ್‌ನ ಸಹಿ ಇಲ್ಲದೆ ಅವನ ನೆಟ್ಟನ್ನು ಮುಟ್ಟುವುದಿಲ್ಲ ಅಂದರು. ನಾನು ರೇಗಿದೆ. ಅವರು ಹೆಬ್ಬೆರಳು ತಿಕ್ಕಿಕೊಳ್ಳುತ್ತ ಅಂದದ್ದು ಇಷ್ಟೇ:

"ಕಳ್ಳಿ ಅನ್ನಿಸ್ಕೊಂಡ ಮಗೂನ ಕಳ್ಳದಾರೀಲಿ ಬಿಡಿಸ್ಕೊಂಡು ಬಂದ್ರೆ, ಅವನು ಹೇಳಿದ್ದೇ ನಿಜ ಆಯ್ತಲ್ಲಕ್ಕಾ. ಅವನ ಕೈಲೇ ಬಾಗಿಲು ತೆಗೆಸ್ಬೇಕು."

ಮೊಮ್ಮಗಳನ್ನೂ ಕರೆದುಕೊಂಡು ಬೆಳಗಿನ ರೈಲಿಗೆ ಮೂವರೂ ಕಡೂರಿಗೆ ಹೋದೆವು. ಲೈನ್‌ಮನ್ ಇಸ್ತ್ರಿ ಅಂಗಿ ಹಾಕಿಕೊಂಡಿದ್ದರು. ಮ್ಯಾನೇಜರ್ ಮುಂದೆ ಕೈಮುಗಿದು, ಇವಳದು ತಪ್ಪೆಂದು ಮೆಷಿನ್ನೇ ಹೇಳಲಿ ಸ್ವಾಮಿ, ಪರೀಕ್ಷೆ ಮಾಡಲು ನೀವು ಒಂದು ಒಪ್ಪಿಗೆ ಕೊಡಿ ಎಂದು ತಾವೇ ಬರೆದು ತಂದಿದ್ದ ಕಾಗದ ಮುಂದಿಟ್ಟರು. ಆ ಮನುಷ್ಯ ಖುಷಿಯಿಂದ ಸಹಿ ಮಾಡಿ, ಕೇಳದಿದ್ದರೂ ಸೀಲು ಒತ್ತಿದ. ನೋಡಲಿ ಎಂದು ಕ್ಲಾಸಿನ ಮಕ್ಕಳನ್ನೂ ಕರೆಸಿದ.

ಕೇಂದ್ರದ ಕಂಪ್ಯೂಟರಿಗೆ ಚುಚ್ಚಿದ ತಕ್ಷಣ ಹಸಿರು ದಾರದ್ದು ಎದ್ದಿತು. ಲೈನ್‌ಮನ್ ಮೊದಲು ಆ ಲಕೋಟೆ ಕೇಳಿದರು. ಮ್ಯಾನೇಜರ್ ಅದನ್ನು ಒಡೆದೇ ಇರಲಿಲ್ಲ. ಒಡೆದು, ಅದರಲ್ಲಿದ್ದ ಪಾಸ್‌ವರ್ಡ್ ಹೊಡೆದರೆ ನೆಟ್ಟು ಒಪ್ಪಲಿಲ್ಲ. ಅವನ ಮುಖ ಅರಳಿತು.

"ನೋಡುದ್ರಾ, ಬದಲಾಯಿಸ್ಬಿಟ್ಟು ಹೋಗವ್ಳೆ" ಅಂದ.

ಲೈನ್‌ಮನ್ ತಲೆ ಎತ್ತದೆ, ನೆಟ್ಟು ಹಂಚುವ ಡಬ್ಬಿಯ ಅಡಿಯಲ್ಲಿ ಕಂಪನಿಯವರು ಅಚ್ಚು ಹಾಕಿ ಕಳಿಸಿರುವ ಪಾಸ್‌ವರ್ಡ್ ಹೊಡೆದರು. ತೆಗೆದುಕೊಂಡಿತು. ಜೊತೆಗೆ ತಂದಿದ್ದ ತಮ್ಮ ಲ್ಯಾಪ್‌ಟಾಪ್ ಹಿಡಿದು ಪಕ್ಕದ ಬೇಕರಿಯ ಬೆಂಚಿಗೆ ಹೋಗಿ ಕೂತು, ಮ್ಯಾನೇಜರ್‌ಗೆ ಅಲ್ಲಿಂದಲೇ ಪ್ರಶ್ನೆಪತ್ರಿಕೆಗಳ ಪಟ್ಟಿ ತೋರಿಸಿದರು. ಬನ್ನು ತಿನ್ನಲು ಬಂದ ಯಾರು ಬೇಕಾದರೂ ತೆಗೆಯಬಹುದಿತ್ತು. ಬೀಗ ಬದಲಾಯಿಸುವವರು ಹೊಸ ಬೀಗ ಹಾಕುತ್ತಾರೆ, ಇಲ್ಲಿರುವುದು ಡಬ್ಬಿ ಅಂಗಡಿಯಿಂದ ಬಂದ ದಿನದ ಬೀಗ ಅಂದರು. ಡಬ್ಬಿಯ ಹಿಂದೆ ಒಂದು ಸಣ್ಣ ತೂತು ಇರುತ್ತದಂತೆ. ಅದರೊಳಗೆ ಕಡ್ಡಿ ತೂರಿ ಹತ್ತು ಎಣಿಸುವಷ್ಟು ಹೊತ್ತು ಅದುಮಿದರೆ ಡಬ್ಬಿ ಕಲಿತದ್ದನ್ನೆಲ್ಲ ಮರೆತುಬಿಡುತ್ತದೆ. ಹಾಗಾದರೆ ಅದುಮಿದವರು ಯಾರು?

ಒಳಗೆ ವಾಪಸ್ಸು ಬಂದು ಡಬ್ಬಿಯನ್ನು ಹಿಂದುಮುಂದು ತಿರುಗಿಸಿ ನೋಡಿದರು. ಆಮೇಲೆ ಅದನ್ನು ತಂದು ನನ್ನ ಮಡಿಲಲ್ಲಿಟ್ಟರು.

"ಕನ್ನಡಕ ಹಾಕ್ಕಳಕ್ಕಾ. ಇದು ನಿನ್ನ ಇಲಾಖೆ."

ತೂತಿನೊಳಗೆ ಬಿದಿರಿನ ಚೂರೊಂದು ಮುರಿದು ಕೂತಿತ್ತು. ತುದಿ ಗುಲಾಬಿ ಬಣ್ಣ. ನಾನು ಸೂಜಿಯಲ್ಲಿ ಎಬ್ಬಿಸಿ ತೆಗೆದೆ. ಇಂಥ ಕಡ್ಡಿಯನ್ನು ಲಕ್ಷಗಟ್ಟಲೆ ಬಣ್ಣಕ್ಕೆ ಅದ್ದಿದವಳು ನಾನು, ನನಗೆ ಯಾವ ಮೆಷಿನ್ನೂ ಬೇಡ. ಇದು ಊದುಬತ್ತಿಯ ಬುಡ ಅಂದೆ.

ಕ್ಲಾಸಿನಲ್ಲಿ ಪಿಸುಪಿಸು ಎದ್ದಿತು. ಮುಂದಿನ ಸಾಲಿನ ಒಬ್ಬಳು ಮೊಬೈಲ್ ತೆಗೆದಳು. ಆಯುಧಪೂಜೆಯ ದಿನದ ಫೋಟೊ. ಅವತ್ತು ಬಾಳೆಹಣ್ಣು ಪ್ರಸಾದಕ್ಕೆ ಖರ್ಚಾಗಿ ಊದುಬತ್ತಿ ಸಿಗಿಸಲು ಒಂದೂ ಉಳಿದಿರಲಿಲ್ಲವಂತೆ. ಕುಂಕುಮ ಹಚ್ಚಿದ ಡಬ್ಬಿಯ ಬೆನ್ನಿನಲ್ಲಿ ಊದುಬತ್ತಿ ಹೊಗೆಯಾಡುತ್ತಿತ್ತು. ಅದನ್ನು ಅದುಮಿ ನಿಲ್ಲಿಸುತ್ತ, ಕ್ಯಾಮೆರಾ ನೋಡಿ ನಗುತ್ತಿದ್ದವನು ಮ್ಯಾನೇಜರ್. ಆ ಮಧ್ಯಾಹ್ನವೇ ನೆಟ್ಟು ನಿಂತು, ಕೇಬಲ್‌ನವರು ಬಂದು ಹರಿಯುವ ಹಾಗೆ ಮಾಡಿ ಹೋಗಿದ್ದರು. ಬೀಗದ ಗೊಡವೆ ಅವರಿಗೇಕೆ?

ಎಲ್ಲ ನಕ್ಕರು. ಲೈನ್‌ಮನ್ ಮಾತ್ರ ನಗಲಿಲ್ಲ. ಹಸಿರು ದಾರದ್ದು ಬರೆದಿಟ್ಟುಕೊಂಡಿದ್ದನ್ನೂ ಸೇರಿಸಿ ಕಂಡದ್ದನ್ನೆಲ್ಲ ಬರೆದು, ಅದಕ್ಕೂ ಮ್ಯಾನೇಜರ್ ಕೈಯಿಂದ ಸಹಿ ತೆಗೆದುಕೊಂಡು ಎದ್ದು ನಿಂತರು.

"ಈಗ ಬೈಯಕ್ಕಾ. ನಾನು ಟೀ ಕುಡ್ಕೊಂಡು ಬತ್ತೀನಿ."

ಹತ್ತೊಂಬತ್ತು ದಿನದ ಬೈಗುಳ ಒಂದೂ ನೆನಪಾಗಲಿಲ್ಲ. ಬೇಕಾಗಲೂ ಇಲ್ಲ. ನಾನು ಮೇಜಿನ ಹತ್ತಿರ ಹೋಗಿ ಬೆರಳು ತೋರಿಸಿದೆ.

"ನಿನ್ನ ಬ್ಯಾಗು ಸುರಿಯಪ್ಪಾ."

ಅವನು ನನ್ನನ್ನು ನೋಡಿದ, ಮಕ್ಕಳನ್ನು ನೋಡಿದ. ನಾನು ಕುರ್ಚಿ ಎಳೆದುಕೊಂಡು ಕೂತೆ. ಸುರಿದ. ಟಿಫನ್ ಡಬ್ಬಿ, ಬಾಚಣಿಗೆ, ತಲೆಗೂದಲಿಗೆ ಹಚ್ಚುವ ಕಪ್ಪು ಬಣ್ಣದ ಪೊಟ್ಟಣ ಎರಡು, ಹರಿದ ಬನಿಯನ್ನು. ನಾನು ಒಂದೊಂದನ್ನೇ ಎತ್ತಿ ನೋಡಿ ಕೆಳಗಿಟ್ಟೆ. ಅವಸರವೇನೂ ಮಾಡಲಿಲ್ಲ. ಮೊಮ್ಮಗಳು ಬಾಗಿಲ ಹತ್ತಿರ ನಿಂತು ನೋಡುತ್ತಿದ್ದಳು. ತಪ್ಪೆಂದು ಯಾರಾದರೂ ಅನ್ನಲಿ, ಇವತ್ತಿಗೂ ನೆನೆಸಿಕೊಂಡರೆ ನನಗೆ ತುಪ್ಪ ಉಂಡ ಹಾಗಾಗುತ್ತದೆ.

ಲೈನ್‌ಮನ್ ಹಿಂತಿರುಗಿ ಬಂದು ಮೇಜು ನೋಡಿದರು. ರೈಲಿನಲ್ಲಿ ಬೀರೂರು ದಾಟಿದ ಮೇಲೆ, ಕಾಳಿ ಇದ್ದದ್ದು ಪೆನ್‌ಡ್ರೈವಿನಲ್ಲಲ್ಲ ಎಂದು ಈಗ ಗೊತ್ತಾಯಿತು ಎಂದು ಕಿಟಕಿಯ ಕಡೆ ಹೇಳಿಕೊಂಡರು.

ಮತ್ತೆ ಕೆಲಸಕ್ಕೆ ಬಾ ಎಂದು ಕರೆದರೂ ಮೊಮ್ಮಗಳು ಹೋಗಲಿಲ್ಲ. ಲೈನ್‌ಮನ್ ಜೊತೆ ಸೇರಿ, ಸಹಿ ಮಾಡಿದ ಒಪ್ಪಿಗೆ ಹಿಡಿದು, ತರೀಕೆರೆಯ ಕಾಲೇಜು, ಕಡೂರಿನ ಸೊಸೈಟಿ ಎಂದು ನೆಟ್ಟಿನ ಕಿಂಡಿ ಹುಡುಕಿಕೊಡುವ ಕೆಲಸ ಹಿಡಿದಳು. ಎರಡು ವರ್ಷ ಹೀಗೆ ನಡೆಯಿತು. ಆಮೇಲೆ ಅವರ ಎದೆ ಕೈಕೊಟ್ಟಿತು. ಮಲಗಿದಲ್ಲಿಂದಲೇ ಹಸಿರು ದಾರದ್ದನ್ನು ಬಿಚ್ಚಿಸಿ ಅವಳ ಕೈಗೆ ಕೊಡಿಸಿದರು. ಮುಟ್ಟಿದೆ, ಬೆಚ್ಚಗಿತ್ತು. ನನ್ನ ಕಡೆ ತಿರುಗಿ ಅಂದರು:

"ಅಕ್ಕಾ, ನನ್ನ ಫೋಟೊಕ್ಕೆ ಊದುಬತ್ತಿ ಹಚ್ಚೋವಾಗ ಎಲ್ಲಿ ಚುಚ್ತೀಯ ಅಂತ ನೋಡ್ಕೊಂಡು ಚುಚ್ಚು."

ಈ ವಾರ ಬಂದ ಕಾಗದ ಕಡೂರಿನ ಆ ಕೇಂದ್ರದ್ದು. ನಮ್ಮ ನೆಟ್‌ವರ್ಕ್ ಪರೀಕ್ಷಿಸಿಕೊಡಬೇಕೆಂದು ನನ್ನ ಮೊಮ್ಮಗಳನ್ನು ಮಾನ್ಯರೇ ಎಂದು ಕರೆದು ಕೇಳಿಕೊಂಡಿದ್ದಾರೆ. ಕೆಳಗೆ ಅದೇ ಮ್ಯಾನೇಜರ್‌ನ ಸಹಿ, ಸೀಲು. ಕೇರಿಯಲ್ಲಿ ಆರು ಮನೆಗೆ ತೋರಿಸಿ ಬಂದೆ. ಏಳನೆಯದಾಗಿ ಲೈನ್‌ಮನ್ ಮನೆಗೆ ಹೋಗಿ ಫೋಟೊದ ಮುಂದೆ ಕಾಗದ ಬಿಡಿಸಿಟ್ಟೆ. ನಾನೇ ಹೊಸೆದ ಊದುಬತ್ತಿ ಹಚ್ಚಿದೆ. ಬಾಳೆಹಣ್ಣು ಮನೆಯಿಂದಲೇ ತಗೊಂಡು ಹೋಗಿದ್ದೆ.