ನಲವತ್ತು ಮಂದಿಯ ಬೆನ್ನಿಗೆ ರಾಮದುರ್ಗದ ನಾಜಿಯಾ

ಬೆಳಗಿನ ಐದೂಕಾಲು. ರಾಮದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಸುರೇಬಾನಕ್ಕೆ ಹೋಗುವ ಮೊದಲ ಬಸ್ಸು ಇನ್ನೂ ದೀಪ ಹಚ್ಚಿಲ್ಲ. ಎದುರಿನ ಅಂಗಡಿ ಸಾಲಿನಲ್ಲಿ ನಾಜಿಯಾ ಶಟರನ್ನು ಅರ್ಧಕ್ಕೆ ಎತ್ತಿ, ಬಗ್ಗಿ ಒಳಗೆ ಹೋಗಿ, ಮತ್ತೆ ಕೆಳಗೆ ಎಳೆದುಕೊಳ್ಳುತ್ತಾರೆ. ಆರು ಕಂಪ್ಯೂಟರುಗಳಲ್ಲಿ ಗೋಡೆ ಬದಿಯದು ಮಾತ್ರ ಚಾಲೂ ಆಗುತ್ತದೆ. ತಲೆಯ ಮೇಲಿನ ಸೆರಗು ಸರಿಸದೆ ಅದರ ಮೇಲೆಯೇ ಹೆಡ್‌ಫೋನ್ ಏರುತ್ತದೆ. ಪರದೆಯ ತುಂಬ ಮಂಜು ಕವಿದ ಕಾಡು. ಇಪ್ಪತ್ತಕ್ಕೂ ಹೆಚ್ಚು ಜನ ಕತ್ತಿ, ಬಿಲ್ಲು, ಗದೆ ಹಿಡಿದು ನಿಂತಿದ್ದಾರೆ. ಎಲ್ಲರ ಹಿಂದೆ ಬಿಳಿ ನಿಲುವಂಗಿಯ ಒಬ್ಬಳಿದ್ದಾಳೆ, ಬರಿಗೈಯಲ್ಲಿ. ಅವಳು ನಾಜಿಯಾ.

ಇದು ಜಗತ್ತಿನ ನಾನಾ ಕಡೆಯವರು ಏಕಕಾಲಕ್ಕೆ ಕೂಡಿ ಆಡುವ ಇಂಟರ್‌ನೆಟ್ ಆಟ. ಅಲ್ಲಿ ಬಿಳಿ ನಿಲುವಂಗಿಯವಳ ಕೆಲಸ ಹೊಡೆಯುವುದಲ್ಲ, ಹೊಡೆತ ತಿಂದವರ ಗಾಯ ಮಾಯಿಸುವುದು. ಮುಂದೆ ನಿಂತವನು ಬೀಳದಂತೆ ಹಿಂದಿನಿಂದ ಜೀವ ತುಂಬುತ್ತಲೇ ಇರಬೇಕು. ಗೆದ್ದಾಗ ಎಲ್ಲರೂ ರಾಕ್ಷಸನ ತಲೆ ತೆಗೆದವನನ್ನು ಹೊಗಳುತ್ತಾರೆ. ಹಿಂದೆ ಯಾರಿದ್ದರು ಎಂದು ಕೇಳುವವರು ಕಡಿಮೆ.

"ಕೇಳಬೇಕಂತೇನೂ ಇಲ್ರಿ," ಎನ್ನುತ್ತಾರೆ ನಾಜಿಯಾ. "ಬಿದ್ದಾಗ ಬೈತಾರಲ್ಲ, ಅವಾಗ ಗೊತ್ತಾಗತೈತಿ ನಾ ಅದೇನಿ ಅಂತ."

ಎಂಟು ಗಂಟೆಗೆ ಶಟರ್ ಪೂರ್ತಿ ಮೇಲೇರುತ್ತದೆ. ಆಮೇಲೆ ದಿನವಿಡೀ ಬೇರೆ ಲೋಕ. ಪೊಲೀಸ್ ಭರ್ತಿಯ ಅರ್ಜಿ, ಪರೀಕ್ಷೆಯ ಫಲಿತಾಂಶ, ರೈಲ್ವೆ ಟಿಕೆಟು, ದುಬೈಯಲ್ಲಿರುವ ಗಂಡನ ಮುಖವನ್ನು ಪರದೆಯಲ್ಲಿ ನೋಡಲು ಬರುವ ಹೆಂಗಸರು. ದಿನಕ್ಕೆ ನಲವತ್ತು ಐವತ್ತು ಜನ ಬಂದು ಹೋಗುತ್ತಾರೆ. ಸಂಜೆ ಏಳಕ್ಕೆ ಬಾಗಿಲು ಹಾಕುವಾಗ ನಾಜಿಯಾ ಅವರ ಕಣ್ಣುಗಳು ಕೆಂಪಗಾಗಿರುತ್ತವೆ.

ಇದು ಅವರ ತಂದೆ ಮಲ್ಲಿಕಸಾಬರ ಗಡಿಯಾರ ರಿಪೇರಿಯ ಅಂಗಡಿಯಾಗಿತ್ತು. ಮೊಬೈಲು ಬಂದ ಮೇಲೆ ಜನ ಕೈಗಡಿಯಾರ ಕಟ್ಟುವುದನ್ನೇ ಬಿಡುತ್ತ ಬಂದರು. ಮಲ್ಲಿಕಸಾಬರು ತೀರಿಕೊಂಡ ಮರುವರ್ಷ, 2004ರಲ್ಲಿ, ಮಗ ಅತೀಕ ಇಲ್ಲಿ ಸೈಬರ್ ಕೆಫೆ ತೆರೆದು ಅಕ್ಕನ ಕೈಗೆ ಕೊಟ್ಟ. ಸಂಪಗಾಂವಕ್ಕೆ ಮದುವೆಯಾಗಿ ಹೋಗಿದ್ದ ನಾಜಿಯಾ, ಗಂಡ ತೀರಿಕೊಂಡು ಅದೇ ಆಗ ತವರಿಗೆ ಮರಳಿದ್ದರು. ಬಿ.ಕಾಂ. ಓದಿದ್ದರು, ಟೈಪಿಂಗ್ ಬರುತ್ತಿತ್ತು. ಗಿರಾಕಿಗಳನ್ನು ಸೆಳೆಯಲೆಂದು ಅತೀಕನ ಗೆಳೆಯನೊಬ್ಬ ಹುಬ್ಬಳ್ಳಿಯಿಂದ ಬಂದು ಪುಕ್ಕಟೆ ಸಿಗುವ ಈ ಆಟವನ್ನು ಹಾಕಿ ಹೋದ. ಊರಿನ ಹುಡುಗರು ಅದನ್ನು ಮುಟ್ಟಲಿಲ್ಲ, ಅವರಿಗೆ ಬಂದೂಕಿನ ಆಟವೇ ಬೇಕು. ನಾಲ್ಕು ವರ್ಷದ ಹಿಂದೆ ಬ್ರಾಡ್‌ಬ್ಯಾಂಡ್ ಬಂತು, ರಾತ್ರಿಯಿಂದ ಬೆಳಿಗ್ಗೆ ಎಂಟರವರೆಗೆ ಎಷ್ಟು ಬಳಸಿದರೂ ಫೋನ್ ಬಿಲ್ ಏರುವುದಿಲ್ಲ ಎಂದಾಯಿತು. ನಸುಕಿನಲ್ಲಿ ನಿದ್ದೆ ಬಾರದ ನಾಜಿಯಾ ಸುಮ್ಮನೆ ಆಟ ತೆರೆದು ನೋಡಿದರು. ನಮಗೆ ನಸುಕಾದರೆ ಅಮೆರಿಕದವರಿಗೆ ಸಂಜೆ, ಕೆಲಸ ಮುಗಿಸಿ ಆಡಲು ಕೂಡುವ ಹೊತ್ತು.

"ಊರಾಗ ಯಾರ ಸಿಕ್ಕರೂ ಪಾಪ ಅಂತಿದ್ರು," ಎಂದು ಅವರು ನೆನೆಯುತ್ತಾರೆ. "ಅಲ್ಲೆ ಯಾರೂ ಪಾಪ ಅನ್ನಂಗಿಲ್ರಿ. ಲಗೂನ ಬಾ, ಜೀವ ತುಂಬು ಅಂತಾರ. ನನಗ ಅದ ಬೇಕಾಗಿತ್ತು."

ಈ ಆಟದ ಕೊನೆಯಲ್ಲಿ ಒಂದು ಕೋಟೆ ಇತ್ತು. ಒಬ್ಬಿಬ್ಬರಿಂದ ಆಗುವ ಮಾತಲ್ಲ, ಹೆಚ್ಚುಕಡಿಮೆ ನಲವತ್ತು ಮಂದಿ ಒಟ್ಟಿಗೆ ನುಗ್ಗಿದರೆ ಮಾತ್ರ ಒಳಗಿನ ದೊರೆಯನ್ನು ಕೆಡವಬಹುದು. ಹಾಗೆ ನುಗ್ಗುವುದಕ್ಕೆ ಆಟದವರು 'ರೇಡ್' ಎನ್ನುತ್ತಾರೆ. "ನಾಳಿ ರೇಡ್ ಐತಿ, ಲಗೂ ಎಬ್ಬಸ ಅಮ್ಮಿ," ಎಂದು ನಾಜಿಯಾ ಮೊದಲ ಸಲ ಹೇಳಿದಾಗ ತಾಯಿ ಜೈಬುನ್ನಿಸಾ ಪೊಲೀಸರು ಬರುತ್ತಾರೆಂದು ತಿಳಿದು ರಾತ್ರಿಯಿಡೀ ಕೂತಿದ್ದರಂತೆ. "ನಮ್ಮ ಮಂದಿ ಏನು ತಪ್ಪ ಮಾಡ್ಯಾರಂತ ನನ್ನ ಎದಿ ಧಸಕ್ ಅಂತು," ಎಂದು ಅವರು ಈಗಲೂ ಹೇಳುತ್ತಾರೆ, ನಗದೆ.

ಮೂರು ವರ್ಷ ನಾಜಿಯಾ ಒಂದೇ ತಂಡದಲ್ಲಿದ್ದರು. ತಂಡದ ನಾಯಕ ಅಮೆರಿಕದವ, ಎಲ್ಲರೂ ಅವನನ್ನು ಕ್ಯಾಪ್ಟನ್ ಎನ್ನುತ್ತಿದ್ದರು. ಕೆನಡಾದ, ಕೈ ನಡುಗುವ ಒಬ್ಬ ನಿವೃತ್ತ ಅಜ್ಜ, ಮನಿಲಾದ ಒಬ್ಬ ನರ್ಸು, ಹೀಗೆ ಮುಖ ನೋಡದ ನಲವತ್ತು ಮಂದಿ. ಅವರ ನಡುವೆ ಸವದತ್ತಿಯ ಕಲ್ಮೇಶನೂ ಇದ್ದ. ಸುರೇಬಾನದ ಶಾಲೆಯಲ್ಲಿ ಕಂಪ್ಯೂಟರ್ ಕಲಿಸಲು ಬಂದಿದ್ದಾಗ ದಿನವೂ ಈ ಕೆಫೆಗೆ ಬರುತ್ತಿದ್ದವನು. ಅವನಿಗೆ ಬಿಲ್ಲು ಹಿಡಿಯುವುದನ್ನು ಕಲಿಸಿ ತಂಡಕ್ಕೆ ಸೇರಿಸಿದ್ದು ನಾಜಿಯಾ. ಸವದತ್ತಿಗೆ ಮರಳಿ ಮನೆಗೆ ಇಂಟರ್‌ನೆಟ್ ಲೈನ್ ಹಾಕಿಸಿಕೊಂಡ ಮೇಲೂ ಅವನು ಅಕ್ಕಾರ ಎಂದು ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದ. ಕೋಟೆಯ ದೊರೆ ಮಾತ್ರ ಅವರ ತಂಡಕ್ಕೆ ಒಮ್ಮೆಯೂ ಬಿದ್ದಿರಲಿಲ್ಲ.

ಕಳೆದ ನವೆಂಬರ್‌ನಲ್ಲಿ ಆಟದ ಕಂಪನಿಯ ಪ್ರಕಟಣೆ ಬಂತು. ನೂರು ಆಟಗಾರರಲ್ಲಿ ಐವರೂ ಕೋಟೆಯ ಒಳಗನ್ನು ಕಂಡಿಲ್ಲ, ನಲವತ್ತು ಮಂದಿಯನ್ನು ಒಂದು ಹೊತ್ತಿಗೆ ಕೂಡಿಸುವುದು ಯಾರಿಗೂ ಆಗುತ್ತಿಲ್ಲ, ಆದ್ದರಿಂದ ಡಿಸೆಂಬರ್ ಮಧ್ಯದಲ್ಲಿ ಕೋಟೆ ಮುಚ್ಚುತ್ತದೆ, ಇನ್ನು ಮುಂದೆ ಕೊನೆಯ ಹಂತ ಹತ್ತೇ ಮಂದಿಗೆ. ನಾಜಿಯಾ ಅದನ್ನು ಮತ್ತೆ ಮತ್ತೆ ಓದಿದರು. ಆ ಹೊತ್ತಿಗೆ ಅರ್ಜಿ ತುಂಬಿಸಲು ಬಂದಿದ್ದ ಹೆಂಗಸೊಬ್ಬಳು, "ಯಾರ ತೀರಕೊಂಡ್ರು ಬಾಯಾರ?" ಎಂದು ಕೇಳಿದಳಂತೆ.

ಮುಂದಿನ ಆದಿತ್ಯವಾರ ನಸುಕಿನಲ್ಲಿ ಕ್ಯಾಪ್ಟನ್ ತನ್ನ ಹತ್ತು ಮಂದಿಯ ಹೆಸರು ಹೇಳಿದ. ನಾಜಿಯಾ ಇರಲಿಲ್ಲ. ಅವನು ಮುಚ್ಚುಮರೆ ಮಾಡಲಿಲ್ಲ. ನಿನ್ನ ಲೈನು ನಿಧಾನ, ನೀನು ಜೀವ ತುಂಬುವಷ್ಟರಲ್ಲಿ ಒಂದು ಕ್ಷಣ ತಡವಾಗುತ್ತದೆ, ನಲವತ್ತರಲ್ಲಿ ಅದು ಕಾಣುತ್ತಿರಲಿಲ್ಲ, ಹತ್ತರಲ್ಲಿ ಕಾಣುತ್ತದೆ ಎಂದ. "ಅಂವ ಹೇಳಿದ್ದು ಖರೇನ ಇತ್ತರಿ. ಸುಳ್ಳಾಗಿದ್ರ ಜಗಳಾ ತಗೀತಿದ್ದೆ," ಎನ್ನುತ್ತಾರೆ ನಾಜಿಯಾ. ಅವರು ಬೆರಗಾದದ್ದು ಒಂಬತ್ತನೆಯ ಹೆಸರಿಗೆ. ಅದು ಕಲ್ಮೇಶನದು. ಹಿಂದಿನ ಸಂಜೆಯಷ್ಟೇ ಅವನು ಫೋನ್ ಮಾಡಿ ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆ ಕರೆದಿದ್ದ. ನಾಜಿಯಾ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟರು. ಎಂಟು ಗಂಟೆಗೆ ಶಟರ್ ಎತ್ತುವುದನ್ನೂ ಮರೆತು ಕೂತಿದ್ದರೆಂದು, ತಾವೇ ಹಿತ್ತಲ ಬಾಗಿಲಿನಿಂದ ಬಂದು ಹೆಗಲು ಅಲುಗಿಸಬೇಕಾಯಿತೆಂದು ಜೈಬುನ್ನಿಸಾ ಹೇಳುತ್ತಾರೆ. "ಗಂಡ ಹೋದಾಗೂ ಇಕಿ ಹಿಂಗ ಕುಂತಿದ್ಲು. ನನಗ ಗಾಬ್ರಿ ಆತು."

ಮರುದಿನ ಕಲ್ಮೇಶ ಬಸ್ಸು ಹತ್ತಿ ರಾಮದುರ್ಗಕ್ಕೇ ಬಂದ.

"ತೊಟ್ಟಲಕ್ಕ ಬರ್ರಿ ಅಂತ ಕರದಿ. ಇದನ್ಯಾಕ ಹೇಳಲಿಲ್ಲ?" ನಾಜಿಯಾ ಕೇಳಿದರು.

"ಹ್ಯಾಂಗ ಹೇಳಬೇಕಂತ ತಿಳೀಲಿಲ್ಲ ಅಕ್ಕಾರ."

"ನಾ ಹೋಗಬ್ಯಾಡ ಅಂತಿದ್ನೇನು?"

ಕಲ್ಮೇಶ ಮನಸ್ಸಿನಲ್ಲಿದ್ದುದನ್ನು ಹೇಳಿಬಿಟ್ಟ. "ಖರೇ ಹೇಳಲ್ರಿ? ಎಲ್ಲಾರನ್ನ ಕೂಡಸೂದರಾಗ ಒಂದ ತಾಸು ಹೋಗತಿತ್ತು. ಒಬ್ಬಂವ ಚಾ ಕುಡ್ಯಾಕ ಎದ್ದ ಅಂದ್ರ ಉಳದವ್ರೆಲ್ಲಾ ಸುಮ್ಮ ನಿಂದರಬೇಕು. ನನಗ ಮನ್ಯಾಗ ಕೂಸೈತಿ, ಸಾಲಿ ಐತಿ. ಹತ್ತ ಮಂದ್ಯಾಗ ನಾ ಎಷ್ಟ ಛಲೋ ಹೊಡೀತೇನಿ ಅಂತ ಕಾಣತೈತಿ. ನಲವತ್ತರಾಗ ನಾ ಇದ್ರೂ ಅಷ್ಟ, ಬಿಟ್ರೂ ಅಷ್ಟ."

"ಇದ್ರೂ ಅಷ್ಟ, ಬಿಟ್ರೂ ಅಷ್ಟ ಅನ್ನೂವಲ್ಲೇ ನನ್ನಂಥವ್ರಿಗೆ ಜಾಗಾ ಇತ್ತಪಾ," ಎಂದರು ನಾಜಿಯಾ.

ಅವನು ಚಹಾ ಕುಡಿದು ಹೋದ. ಅವನು ಹೇಳಿದ್ದರಲ್ಲಿ ತಪ್ಪೇನಿತ್ತು ಎಂದು ಆ ರಾತ್ರಿ ಹುಡುಕಿದರೂ ತಮಗೆ ಸಿಗಲಿಲ್ಲ ಎನ್ನುತ್ತಾರೆ ನಾಜಿಯಾ. ಕಾಯ್ದು ಕಾಯ್ದು ಅವರೂ ಎಷ್ಟೋ ಸಲ ಬೇಸತ್ತವರೇ. ಆದರೂ ಹೊರಗುಳಿದ ಮೂವತ್ತು ಮಂದಿ ಏನಾದರು ಎಂಬುದು ತಲೆಯಿಂದ ಹೋಗಲಿಲ್ಲ. ಕೈ ನಡುಗುವ ಅಜ್ಜ ಹತ್ತರಲ್ಲಿರಲಿಲ್ಲ. ರಾತ್ರಿ ಪಾಳಿ ಮುಗಿಸಿ ತೂಕಡಿಸುತ್ತ ಆಡುವ ನರ್ಸೂ ಇರಲಿಲ್ಲ.

ಮೂರು ವರ್ಷದಲ್ಲಿ ಒಮ್ಮೆಯೂ ಮುಂದೆ ಬಂದು ಮಾತಾಡದಿದ್ದ ನಾಜಿಯಾ ಆ ವಾರ ಆಟಗಾರರು ಬರೆದುಕೊಳ್ಳುವ ಫಲಕದಲ್ಲಿ ಒಂದು ಸಾಲು ಹಾಕಿದರು. ಯಾರಿಗೂ ಬೇಡವಾದವರು ಬನ್ನಿ, ಕೋಟೆ ಮುಚ್ಚುವ ಮೊದಲು ಒಂದು ಸಲ ಹೋಗೋಣ. ಮೂವತ್ತು ಮಂದಿಯಲ್ಲಿ ಇಪ್ಪತ್ತಾರು ಜನ ಬಂದರು. ಬೇರೆ ತಂಡಗಳಿಂದ ಕಳಚಿದವರು ಸೇರಿ ಮೂವತ್ತೇಳಾದರು. ಮುಂದಾಳಾಗಿ ಹೇಳುವವರು ಬೇಕಲ್ಲ, ಎಲ್ಲರೂ ನಾಜಿಯಾ ಕಡೆಗೆ ತಿರುಗಿದರು. ಅವರಿಗೆ ದಿಗಿಲಾಯಿತು. ಇಂಗ್ಲಿಷನ್ನು ಟೈಪ್ ಮಾಡಿ ಗೊತ್ತೇ ಹೊರತು ಬಾಯಿಬಿಟ್ಟು ಆಡಿ ಗೊತ್ತಿರಲಿಲ್ಲ. ದೊರೆ ನೆಲಕ್ಕೆ ಕಾಲು ಬಡಿದಾಗ ಬೆಂಕಿ ಹರಡುತ್ತದೆ, ಎಲ್ಲರೂ ತಕ್ಷಣ ಪಕ್ಕಕ್ಕೆ ಹೋಗಬೇಕು. ಮೊದಲ ದಿನ ಆ ಗಳಿಗೆ ಬಂದಾಗ ಇಂಗ್ಲಿಷ್ ಹೊರಡಲೇ ಇಲ್ಲ. ಬಸ್ಸಿನಲ್ಲಿ ಕಂಡಕ್ಟರ್ ಕೂಗುವಂತೆ "ಸರ್ರಿ, ಸರ್ರಿ" ಎಂದು ಬಾಯಿಗೆ ಬಂತು. ಅರ್ಧ ಮಂದಿ ಸುಟ್ಟುಹೋದರು. ಆಮೇಲೆ ಅಜ್ಜ ಆ ಶಬ್ದದ ಅರ್ಥ ಕೇಳಿ, ಇದು ಚಿಕ್ಕದಾಗಿದೆ, ಇದನ್ನೇ ಕೂಗು ಎಂದ.

ಕೋಟೆ ಮುಚ್ಚುವ ಕೊನೆಯ ನಸುಕು. ಕಲ್ಮೇಶ ಮೊದಲೇ ಹೇಳಿದ್ದ, ಅದೇ ಹೊತ್ತಿಗೆ ತನ್ನ ಹತ್ತು ಮಂದಿಯ ಅಭ್ಯಾಸವಿದೆ, ಬರಲಾಗುವುದಿಲ್ಲ ಎಂದು. ತಾಯಿ ಜೈಬುನ್ನಿಸಾ ಚಾದಾನಿ ಹಿಡಿದು ಹಿಂದೆ ಕೂತಿದ್ದರು. ಮೊದಲ ಎರಡು ಯತ್ನ ಬೇಗನೆ ಮುಗಿದವು. ಮೂರನೆಯ ಸಲ ಎಲ್ಲವೂ ಹದಕ್ಕೆ ಬಂತು. ದೊರೆಯ ಜೀವ ಅರ್ಧಕ್ಕಿಂತ ಕೆಳಗೆ ಇಳಿಯಿತು. ಅವರು ಹಿಂದೆಂದೂ ಅಲ್ಲಿಗೆ ಮುಟ್ಟಿರಲಿಲ್ಲ.

ಆಗ ಕರೆಂಟ್ ಹೋಯಿತು.

ಇನ್ವರ್ಟರಿನ ಹಳೆಯ ಬ್ಯಾಟರಿ ಕೀರಲು ದನಿ ತೆಗೆದು ಸತ್ತಿತು. ಪರದೆ ಕಪ್ಪಾಯಿತು, ಹೆಡ್‌ಫೋನ್ ಮೂಕವಾಯಿತು. "ಕೈ ಕೀಬೋರ್ಡಿನ ಮ್ಯಾಲ ಹಂಗಽ ಇತ್ತು. ಎಲ್ಲಾರೂ ಸತ್ರು, ನಾನ ಕೊಂದೆ ಅನಸ್ತು," ಎನ್ನುತ್ತಾರೆ ನಾಜಿಯಾ. ಅಳುವೂ ಬರಲಿಲ್ಲವಂತೆ.

ತಾಯಿ ಎದ್ದು ಹಿತ್ತಲ ಮನೆಗೆ ಓಡಿದರು. ಅತೀಕ ಬೈಲಹೊಂಗಲದ ಮಾರ್ಕೆಟ್ಟಿಗೆ ತರಕಾರಿ ಒಯ್ಯಲು ಟೆಂಪೊ ಹೇರುತ್ತಿದ್ದ. ಈ ಆಟವೆಂದರೆ ಮೊದಲಿನಿಂದ ಅವನಿಗೆ ಆಗದು. "ಅಕ್ಕಾ ಮಾತಾಡವಲ್ಲಳೋ," ಎಂದು ತಾಯಿ ಹೇಳಿದ್ದೇ ತಡ, ಅವನು ಟೆಂಪೊದ ಬ್ಯಾಟರಿ ಬಿಚ್ಚಿ ಹೆಗಲ ಮೇಲೆ ಹೊತ್ತು ತಂದ. ವೈರು ಕೂಡಿಸಿದ. ದೀಪ ಬಂತು, ಕಂಪ್ಯೂಟರ್ ಎದ್ದಿತು, ಲೈನು ಸಿಕ್ಕಿತು. ಹತ್ತು ನಿಮಿಷದ ಮೇಲಾಗಿತ್ತು.

ನಾಜಿಯಾ ಹೆಡ್‌ಫೋನ್ ಹಾಕಿದರು. ಒಳಗೆ ಒಂದು ಮುದಿ ದನಿ, ಪರದೇಶದ ನಾಲಿಗೆಯಲ್ಲಿ, ಕೂಗುತ್ತಿತ್ತು. "ಸರ್ರಿ. ಸರ್ರಿ."

ಅವರು ಬೆಚ್ಚಿಬಿದ್ದರು. ತಂಡ ಸತ್ತಿರಲಿಲ್ಲ. ಅಜ್ಜ ಕೂಗುತ್ತಿದ್ದ, ನರ್ಸು ನಾಜಿಯಾ ಜಾಗಕ್ಕೆ ಬಂದು ಜೀವ ತುಂಬುತ್ತಿದ್ದಳು, ಅವಳು ತಪ್ಪಿದಲ್ಲಿ ಮತ್ತೊಬ್ಬ ತುಂಬುತ್ತಿದ್ದ. ನಾಜಿಯಾ ಅವರ ಬಿಳಿ ನಿಲುವಂಗಿಯ ಹೆಂಗಸು ಮಾತ್ರ ಲೈನು ಕಡಿದ ಗಳಿಗೆಯಲ್ಲೇ ಬೆಂಕಿಗೆ ಸಿಕ್ಕು ನೆಲದ ಮೇಲೆ ಬಿದ್ದಿದ್ದಳು. ಎಬ್ಬಿಸಲು ಯಾರಿಗೂ ಪುರಸೊತ್ತಿರಲಿಲ್ಲ. ಬಿದ್ದಲ್ಲಿಂದಲೇ ಅವರು ನೋಡಿದರು. ಹಿಂದೆ ಅತೀಕ ನಿಂತಿದ್ದ. "ಇವ್ರೆಲ್ಲಾ ಯಾರಽ?" ಎಂದು ಮೆಲ್ಲಗೆ ಕೇಳಿದ. ಬೆಳಕು ಹರಿದು, ಸುರೇಬಾನದ ಬಸ್ಸು ಹೋದ ಮೇಲೆ, ದೊರೆ ಮೊಣಕಾಲೂರಿ ಕುಸಿದ. ಹದಿನಾಲ್ಕು ಮಂದಿ ಮಾತ್ರ ನಿಂತು ಉಳಿದಿದ್ದರು.

ಹೆಡ್‌ಫೋನಿನಲ್ಲಿ ಅಜ್ಜ ಅಳುತ್ತಿರುವುದು ಕೇಳಿಸಿತು.

ಸಂಜೆಗೆ ಕೋಟೆ ಮುಚ್ಚಿತು. ಕಲ್ಮೇಶನ ಹತ್ತು ಮಂದಿ ಹೊಸ ಹಂತವನ್ನು ಹೊಸ ವರ್ಷಕ್ಕೇ ಗೆದ್ದರು. ತನಗೆ ಇದೇ ಸರಿ ಎಂದು ಅವನು ಈಗಲೂ ಹೇಳುತ್ತಾನೆ. ನಾಜಿಯಾ ಅವನ ಮಗಳ ತೊಟ್ಟಿಲ ಕಾರ್ಯಕ್ಕೆ ಹೋಗಿ ಬಂದರು. ಮೂವತ್ತೇಳರಲ್ಲಿ ಉಳಿದವರು ನಸುಕಿಗೆ ಕೂಡಿ ಕಾಡಿನಲ್ಲಿ ಸಣ್ಣಪುಟ್ಟ ಬೇಟೆಯಾಡುತ್ತಾರೆ. ವಾರದಿಂದ ವಾರಕ್ಕೆ ಒಬ್ಬಿಬ್ಬರು ಕಡಿಮೆಯಾಗುತ್ತಿದ್ದಾರೆ.

"ಹತ್ತ ಮಂದೀ ಆಟ ಬ್ಯಾಡ ಅನ್ನಂಗಿಲ್ರಿ ನಾ. ಪುರಸೊತ್ತ ಇಲ್ಲದವ್ರು ಅದನ್ನ ಆಡ್ಲಿ," ಎನ್ನುತ್ತಾರೆ ನಾಜಿಯಾ. "ಆದ್ರ ಕ್ವಾಟಿ ಬಾಗಲಾ ಮುಚ್ಚಬಾರದಿತ್ತು. ಒಳಗ ಏನೂ ಬಹುಮಾನ ಇಡಬ್ಯಾಡ್ರಿ, ನಡೀತೈತಿ. ಬಾಗಲಾ ತಗದಿಟ್ರ ಸಾಕು."

ಎಂಟು ಗಂಟೆ. ಹೊರಗೆ ಯಾರೋ ಶಟರ್ ಬಡಿಯುತ್ತಾರೆ. ಅವರು ಎದ್ದು ಅದನ್ನು ಮೇಲೆತ್ತುತ್ತಾರೆ. ದೊರೆ ಬೀಳುವಾಗ ನೀವೇನು ಮಾಡುತ್ತಿದ್ದಿರಿ ಎಂದು ಕೇಳಿದ್ದಕ್ಕೆ, ಒಳಗೆ ಬಂದ ಗಿರಾಕಿಗೆ ಕುರ್ಚಿ ಎಳೆದುಕೊಡುತ್ತ ಹೇಳುತ್ತಾರೆ.

"ನಾ ಸತ್ತ ಬಿದ್ದಿದ್ದೆ ರೀ. ಗೆದ್ದವ್ರು ನಾವಽ."